ಕೊಂಕಣ ಸುತ್ತದೆ ಮೈಲಾರಕ್ಕೆ: ಪಕ್ಕದ ಮನೆಯವರಿಗೆ ಕನ್ನಡ ಕಲಿಸುವ ಬಗೆ

"ನಾನು ಟೀ ಬೇಕು."

ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಕನ್ನಡ ಕ್ಲಾಸ್ ನಡೆಸುತ್ತೇನೆ. ಟೇಬಲ್ ಟೆನಿಸ್ ಮೇಜೇ ನಮ್ಮ ಡೆಸ್ಕು. ಅಲ್ಲಿ ನಾನು ಅತಿ ಜಾಸ್ತಿ ಸಲ ಕೇಳಿದ ವಾಕ್ಯ ಇದು. ಕಾನ್ಪುರದ ಹುಡುಗ ಹೀಗೇ ಹೇಳಿದ, ಬಂಗಾಳದ ಸಿಲಿಗುರಿಯ ಗಂಡ ಹೆಂಡತಿ ಹೀಗೇ ಹೇಳಿದರು, ಗುಂಟೂರಿನವರೂ ಹೀಗೇ ಹೇಳಿದರು.

ತಮಾಷೆ ಏನು ಗೊತ್ತಾ? ಇವರಲ್ಲಿ ಒಬ್ಬರ ಮನೆಮಾತಿನಲ್ಲೂ ಹೀಗೆ ಹೇಳುವುದಿಲ್ಲ. ಹಿಂದಿಯಲ್ಲಿ 'ಮುಝೆ ಚಾಯ್ ಚಾಹಿಯೇ'. ತೆಲುಗಿನಲ್ಲಿ 'ನಾಕು ಟೀ ಕಾವಾಲಿ'. ಬಂಗಾಳಿಯಲ್ಲಿ 'ಆಮಾರ್ ಚಾ ಚಾಯ್'. ಅದು 'ನನ್ನ' ಅಂದ ಹಾಗೆ, ಆದರೆ 'ನಾನು' ಅಂತೂ ಅಲ್ಲ. ಹಾಗಾದರೆ ಈ 'ನಾನು' ಎಲ್ಲಿಂದ ಬಂತು?

ನನ್ನಿಂದಲೇ ಬಂತು. ನಾನು ಬೋರ್ಡಿನ ಮೇಲೆ ಮೊದಲು 'ಐ ವಾಂಟ್ ಟೀ' ಅಂತ ಬರೆಯುತ್ತಿದ್ದೆ. ಅದರ ಕೆಳಗೆ ಕನ್ನಡ. ಅವರು 'ಐ' ಇದ್ದ ಜಾಗಕ್ಕೆ 'ನಾನು' ಇಟ್ಟರು, ಅಷ್ಟೇ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ, ಪಕ್ಕದ ಭಾಷೆಯಿಂದ ಕನ್ನಡಕ್ಕೆ ಬರಬೇಕಾದವರನ್ನು ನಾನು ಇಂಗ್ಲಿಷ್ ಸುತ್ತಿಸಿ ಕರೆತರುತ್ತಿದ್ದೆ. ಎರಡು ವರ್ಷ ಈ ತಪ್ಪು ಮಾಡಿದೆ. ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳು ಬೇರೆ! ಓದಿದ್ದು ಒಂದು ಕಡೆ, ಕಲಿಸಿದ್ದು ಇನ್ನೊಂದು ಕಡೆ ಆಗಿತ್ತು. ಅವೆರಡನ್ನೂ ಸೇರಿಸಿದ ಮೇಲೆ ಏನು ಮಾಡುತ್ತಿದ್ದೇನೆ ಅನ್ನೋದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಬಿಲ್ಡಿಂಗಿನಲ್ಲೋ ಆಫೀಸಿನಲ್ಲೋ ಯಾರಿಗಾದರೂ ಕನ್ನಡ ಕಲಿಸಬೇಕು ಅಂತಿದ್ದರೆ ಉಪಯೋಗಕ್ಕೆ ಬರಬಹುದು. ಇದಕ್ಕೆ ಎಂ.ಎ. ಏನೂ ಬೇಡ.

ಮೊದಲು ಮನೆಮಾತು ಕೇಳಿ

'ಯಾವ ಊರು' ಅಂತ ಕೇಳಿದರೆ ಸಾಲದು. 'ಹಿಂದಿ ಬರುತ್ತಾ' ಅಂತ ಕೇಳಿದರಂತೂ ಕೆಲಸ ಕೆಟ್ಟಿತು.

ರಾಜಸ್ಥಾನದ ಹುಡುಗನೊಬ್ಬ ಬಂದಿದ್ದ. ಹಿಂದಿ ಅಂದ. ಸರಿ, ಹಿಂದಿಯವರಿಗೆ ಳ ಕಷ್ಟ ಅಂತ ಎರಡು ವಾರ ಅವನಿಂದ ಳ ಹೇಳಿಸಿದ್ದೇ ಹೇಳಿಸಿದ್ದು. ಪಾಪ, ಮರ್ಯಾದಸ್ಥ ಹುಡುಗ, ಹೇಳಿದ್ದೆಲ್ಲ ಮಾಡಿದ. ಮೂರನೇ ವಾರ ಅವನಮ್ಮನ ಫೋನ್ ಬಂತು. ಬಾಗಿಲ ಹತ್ತಿರ ನಿಂತು ಮಾತಾಡುತ್ತಿದ್ದಾನೆ, ಬಾಯಿಂದ ಳ ಮೇಲೆ ಳ ಉದುರುತ್ತಿದೆ! ಮನೆಯಲ್ಲಿ ಮಾರ್ವಾಡಿ. ಅದರಲ್ಲಿ ಳ ಇದೆ. "ಯಾಕಪ್ಪಾ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ ಆಂಟಿ" ಅಂದ.

ಈಗ ಹೀಗೆ ಕೇಳುತ್ತೇನೆ. ಅಮ್ಮನ ಜೊತೆ ಫೋನಿನಲ್ಲಿ ಯಾವ ಭಾಷೆ? ಅಜ್ಜಿ ಜೊತೆ? ಕೋಪ ಬಂದಾಗ ಬೈಯೋದು ಯಾವ ಭಾಷೆಯಲ್ಲಿ? ಮೂರಕ್ಕೂ ಒಂದೇ ಉತ್ತರ ಬರುವುದು ಕಡಿಮೆ.

ಆಮೇಲೆ ಐದು ವಾಕ್ಯ ಕೊಡುತ್ತೇನೆ. ಅವನ್ನು ಅವರ ಮನೆಮಾತಿನಲ್ಲಿ ನಿಧಾನಕ್ಕೆ ಹೇಳಬೇಕು. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ನನಗೆ ಹಸಿವಾಗಿದೆ.
ಮನೆಯಲ್ಲಿ ಯಾರೂ ಇಲ್ಲ.
ಇದು ನನ್ನ ಚಪ್ಪಲಿ ಅಲ್ಲ.
ಅಕ್ಕ ಬಂದಳು, ಬಸ್ಸು ಬಂತು.
ನಾಳೆ ಬರ್ತೀನಿ ಅಂತ ಹೇಳಿದ.

ಪ್ರತಿ ವಾಕ್ಯಕ್ಕೂ ಒಂದು ಉದ್ದೇಶ ಇದೆ. ಮೊದಲನೆಯದು, 'ನನಗೆ' ಅವರ ಭಾಷೆಯಲ್ಲೂ ಇದೆಯಾ ಅಂತ ತೋರಿಸುತ್ತೆ. ಎರಡು ಮತ್ತು ಮೂರು, ಇಲ್ಲ ಹಾಗೂ ಅಲ್ಲ ಎರಡಕ್ಕೂ ಬೇರೆ ಬೇರೆ ಮಾತು ಇದೆಯಾ ಅಂತ. ನಾಲ್ಕನೆಯದು, ಕ್ರಿಯಾಪದ ಹೆಂಗಸರನ್ನೂ ವಸ್ತುಗಳನ್ನೂ ಬೇರೆ ಮಾಡುತ್ತಾ ಅಂತ. ಕೊನೆಯದು, 'ಅಂತ' ಅನ್ನೋ ಮಾತು ವಾಕ್ಯದಲ್ಲಿ ಎಲ್ಲಿ ಬರುತ್ತೆ ಅಂತ. ಹಿಂದಿಯವರು 'ಕಿ' ಅಂತ ಮೊದಲೇ ಹೇಳಿ ಆಮೇಲೆ ಮಾತು ಹೇಳುತ್ತಾರೆ. ತೆಲುಗಿನವರು 'ಅನಿ' ಅಂತ ನಮ್ಮ ಹಾಗೇ ಕೊನೆಗೆ ಹಾಕುತ್ತಾರೆ.

ಇಷ್ಟಾದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಪುಟ. ಮಧ್ಯೆ ಗೆರೆ. ಎಡಗಡೆ 'ಪುಕ್ಕಟೆ ಸಿಗೋದು', ಬಲಗಡೆ 'ದುಡೀಬೇಕಾದ್ದು'. ಎರಡು ಭಾಷೆಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಹೋಲಿಸಿ ಪಾಠ ಮಾಡಬೇಕು ಅಂತ 1957ರಲ್ಲಿ ರಾಬರ್ಟ್ ಲಾಡೊ ಅನ್ನುವ ಅಮೆರಿಕದ ವಿದ್ವಾಂಸರು ಬರೆದರು. ಎಲ್ಲ ತಪ್ಪುಗಳನ್ನೂ ಈ ಹೋಲಿಕೆಯಿಂದ ಮೊದಲೇ ಹೇಳೋಕಾಗಲ್ಲ ಅಂತ ಆಮೇಲೆ ಬಂದವರು ತೋರಿಸಿದರು. ನಿಜ. ನನ್ನ ಬಲಗಡೆಯ ಪಟ್ಟಿ ಎಷ್ಟೋ ಸಲ ಸುಳ್ಳಾಗಿದೆ. ಆದರೆ ಎಡಗಡೆಯದು ಸುಳ್ಳಾಗಿದ್ದು ಕಡಿಮೆ. ಮೊದಲ ತಿಂಗಳ ಪಾಠವೆಲ್ಲ ಎಡಗಡೆಯಿಂದಲೇ ತೆಗೆಯಿರಿ. ಧೈರ್ಯ ಬರಬೇಕಲ್ವಾ.

ಪುಕ್ಕಟೆ ಸಿಗುವುದನ್ನು ಮೊದಲು ಕೊಡಿ

ಈಗ ನನ್ನ ಬೋರ್ಡಿನ ಮೇಲೆ ಇಂಗ್ಲಿಷ್ ಇಲ್ಲ. ಕಾನ್ಪುರದ ಹುಡುಗನ ಹಿಂದಿ ವಾಕ್ಯ ಮೇಲೆ, ಕನ್ನಡದ್ದು ಕೆಳಗೆ. ಹಿಂದಿಯನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ.

ಮುಝೆ ಚಾಯ್ ಚಾಹಿಯೇ.
ನನಗೆ ಟೀ ಬೇಕು.

ಮುಝೆ ಕನ್ನಡ್ ಆತೀ ಹೈ.
ನನಗೆ ಕನ್ನಡ ಬರುತ್ತೆ.

ಒಂದರ ಕೆಳಗೆ ಒಂದು ಪದ ಕೂರುತ್ತೆ. ಭಾಷೆ 'ಬರುವುದು' ಕೂಡ ಎರಡರಲ್ಲೂ ಒಂದೇ. ಇಂಗ್ಲಿಷಿನಲ್ಲಿ ಭಾಷೆ ಯಾರ ಹತ್ತಿರಕ್ಕೂ ಬರೋದಿಲ್ಲ. ಹುಡುಗ ಇದನ್ನು ನೋಡಿ, "ಇಷ್ಟೇನಾ?" ಅಂದ. ಆವತ್ತಿನಿಂದ ಅವನ ಬಾಯಲ್ಲಿ 'ನಾನು ಟೀ ಬೇಕು' ಬಂದಿಲ್ಲ.

ಇದು ಹೇಗೆ ಸಾಧ್ಯ? ಹಿಂದಿ ಒಂದು ಕುಟುಂಬ, ಕನ್ನಡ ಇನ್ನೊಂದು ಕುಟುಂಬ. ಆದರೆ ಸಾವಿರಾರು ವರ್ಷ ಅಕ್ಕಪಕ್ಕದಲ್ಲಿ ಬಾಳಿದ ಭಾಷೆಗಳು ಒಂದರ ನಡೆ ಇನ್ನೊಂದು ಕಲಿಯುತ್ತವೆ. ನೀಲಗಿರಿಯ ತೋಡ, ಕೋತ ಭಾಷೆಗಳನ್ನು ಅಧ್ಯಯನ ಮಾಡಿದ ಎಮೆನೋ 1956ರಲ್ಲಿ ಭಾರತವನ್ನು ಇಡಿಯಾಗಿ ಒಂದು 'ಭಾಷಾ ಪ್ರದೇಶ' ಅಂತ ಕರೆದರು. ನಮ್ಮ ಗಡಿಯ ಆಚೆ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಅಂತ ಒಂದು ಊರಿದೆ. ಆಗ ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಜನ ದಿನಾ ಬಳಸುತ್ತಿದ್ದರು. ಗಂಪರ್ಜ್ ಮತ್ತು ವಿಲ್ಸನ್ ಅನ್ನುವ ಇಬ್ಬರು ಅಲ್ಲಿಯ ಮಾತನ್ನು ದಾಖಲಿಸಿ 1971ರಲ್ಲಿ ಬರೆದರು. 'ಸೊಪ್ಪು ಕೊಯ್ದು ತಗೊಂಡು ಬಂದೆ' ಅನ್ನುವಂಥ ವಾಕ್ಯವನ್ನು ಮೂರು ಭಾಷೆಯಲ್ಲೂ ಹೇಳಿದರೆ ವಾಕ್ಯದ ಅಚ್ಚು ಒಂದೇ, ಒಳಗೆ ಸುರಿದ ಪದ ಮಾತ್ರ ಬೇರೆ. ಆ ಕುಪ್ವಾಡದವರಿಗೆ ನನ್ನ ಕ್ಲಾಸು ಬೇಕೇ ಆಗುತ್ತಿರಲಿಲ್ಲ.

ಇನ್ನೊಂದು ಪುಕ್ಕಟೆ ಐಟಂ ಹೇಳುತ್ತೇನೆ, ಕ್ಲಾಸಿನಲ್ಲಿ ನಗು ಗ್ಯಾರಂಟಿ. ನಾವು 'ಕಾಫಿ ಗೀಫಿ ಕುಡೀತೀರಾ' ಅನ್ನುತ್ತೇವಲ್ಲ, ಆ 'ಗಿ'. ಹಿಂದಿಯವರು 'ಚಾಯ್ ವಾಯ್' ಅನ್ನುತ್ತಾರೆ, ಬಂಗಾಳಿಗಳು 'ಚಾ ಟಾ' ಅನ್ನುತ್ತಾರೆ. ಮೊದಲ ಅಕ್ಷರ ತೆಗೆದು 'ಗಿ' ಅಥವಾ 'ಗೀ' ಹಾಕಿ ಅಂದರೆ ಸಾಕು, ಐದು ನಿಮಿಷದಲ್ಲಿ ಬಸ್ಸು ಗಿಸ್ಸು, ಹಾಲು ಗೀಲು, ಬಾಸ್ ಗೀಸ್ ಅಂತ ಶುರು ಮಾಡುತ್ತಾರೆ. ವ್ಯಾಕರಣದ ಒಂದು ನಿಯಮ ಇಷ್ಟು ಬೇಗ ಕೈಗೆ ಸಿಕ್ಕಿದ್ದು ನೋಡಿ ಅವರಿಗೇ ಖುಷಿ.

ಹಿಂದಿಯವರಿಗೆ ಮೊದಲ ದಿನವೇ ಹೇಳಬೇಕಾದ ಶುಭ ಸಮಾಚಾರ ಒಂದಿದೆ. ಕನ್ನಡದಲ್ಲಿ ಕುರ್ಚಿ ಗಂಡಾ ಹೆಣ್ಣಾ ಅಂತ ನೆನಪಿಡಬೇಕಾಗಿಲ್ಲ. ಅವರಲ್ಲಿ ಬಾಗಿಲು ಗಂಡು, ಕಿಟಕಿ ಹೆಣ್ಣು. ನಮ್ಮಲ್ಲಿ ಎರಡೂ 'ಅದು'. ಇದನ್ನು ಕೇಳಿದಾಗ ಸಿಲಿಗುರಿಯವರು ನಕ್ಕರು. ಜೀವಮಾನವೆಲ್ಲ ಹಿಂದಿಯ ಗಂಡು ಹೆಣ್ಣಿನಲ್ಲಿ ಏಟು ತಿಂದವರು ಅವರು.

ಬಾಯಿಗಿಂತ ಮೊದಲು ಕಿವಿ

ಇಲ್ಲಿ ಸ್ವಲ್ಪ ನಿಲ್ಲೋಣ. ಜಾಸ್ತಿ ಜನ ಕೆಡಿಸುವುದು ಇಲ್ಲೇ.

ಕಲಿಯುವವರು 'ಬೆಳೆ'ಗೆ 'ಬೇಳೆ' ಅಂದರೆ ನಾವು ತಕ್ಷಣ "ಬೆಳೆ ಅನ್ನಿ, ಬೆಳೆ, ಬೆಳೆ" ಅಂತ ಜೋರಾಗಿ ಹೇಳುತ್ತೇವೆ. ಅವರು "ಬೇಳೆ" ಅನ್ನುತ್ತಾರೆ. ನಾವು ಇನ್ನೂ ಜೋರಾಗಿ ಹೇಳುತ್ತೇವೆ. ಅವರು ಕಿವುಡರಲ್ಲ. ಅವರ ಕಿವಿಗೆ ಎರಡೂ ಒಂದೇ ಥರ ಬೀಳುತ್ತಿದೆ. ಹಿಂದಿಯಲ್ಲಿ ಹ್ರಸ್ವ ಎ, ಒ ಬೇರೆ ಅಕ್ಷರಗಳಾಗಿ ಇಲ್ಲ. ಬಂಗಾಳಿಯಲ್ಲಿ ಬರೆಯುವಾಗ ಇ, ಈ ಬೇರೆ, ಉ, ಊ ಬೇರೆ, ಮಾತಾಡುವಾಗ ಒಂದೇ. ಅದಕ್ಕೇ ಸಿಲಿಗುರಿಯವರಿಗೆ 'ಕುಡಿ'ಯೂ 'ಕೂಡಿ'ಯೂ ಅಣ್ಣತಮ್ಮ.

1984ರಲ್ಲಿ ಕೆನಡಾದಲ್ಲಿ ವರ್ಕರ್ ಮತ್ತು ಟೀಸ್ ಅನ್ನುವವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಆಗಲಿಲ್ಲ. ವರ್ಷ ತುಂಬುವ ಮೊದಲೇ ಕಿವಿ ತನ್ನ ಮನೆಮಾತಿಗೆ ಒಗ್ಗಿಬಿಡುತ್ತೆ. ಮೂವತ್ತು ವರ್ಷದ ಸಾಫ್ಟ್‌ವೇರ್ ಹುಡುಗನ ಕಿವಿಯನ್ನು ಮತ್ತೆ ಬಿಡಿಸಬಹುದು, ಆದರೆ ಬೈದು ಬಿಡಿಸೋಕಾಗಲ್ಲ.

ನಾನು ಮಾಡುವುದು ಇಷ್ಟು. ಮೇಜಿನ ಮೇಲೆ ಸಾಮಾನು ಇಡುತ್ತೇನೆ. ಒಂದು ಬಳೆ, ಒಂದು ಬಾಳೆಹಣ್ಣು, ಡಬ್ಬಿಯಲ್ಲಿ ತೊಗರಿಬೇಳೆ, ಅಂಗಿಯಿಂದ ಕಿತ್ತ ಬೆಲೆಯ ಚೀಟಿ. ಬೆಳೆಗೆ ಭತ್ತದ ಗದ್ದೆಯ ಫೋಟೊ. ನಾನು ಹೆಸರು ಹೇಳುತ್ತೇನೆ, ಅವರು ಎತ್ತಬೇಕು. ಬಾಯಿ ಬಿಡಬಾರದು. ಬರೀ 'ಬಳೆ', 'ಬಾಳೆ', 'ಬೆಲೆ', 'ಬೇಳೆ', 'ಬೆಳೆ'. ಮೊದಲ ದಿನ ತಪ್ಪೋ ತಪ್ಪು. ಹತ್ತಕ್ಕೆ ಎಂಟು ಸರಿ ಬಂದ ಮೇಲೇ ಬಾಯಿಗೆ ಕೆಲಸ. ಇದಕ್ಕೆ ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಎರಡು ತಿಂಗಳು ಹಿಡಿದಿದೆ.

ಬಾಯಿಗೆ ಬಂದಾಗ ನಮ್ಮ ಹಳೇ ಛಂದಸ್ಸು ಕೈ ಹಿಡಿಯುತ್ತೆ. ಹೈಸ್ಕೂಲಿನಲ್ಲಿ 'ಯಮಾತಾರಾಜಭಾನಸಲಗಂ' ಅಂತ ಬಾಯಿಪಾಠ ಮಾಡಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಮಾರ್ಕ್ಸಿಗೆ ಮಾತ್ರ ಅಂದುಕೊಂಡಿದ್ದೆ. ಈಗ ಮೇಜು ಕುಟ್ಟಿ ಅದನ್ನೇ ಕಲಿಸುತ್ತಿದ್ದೇನೆ. ಬಳೆ: ಎರಡು ಸಲ ಕುಟ್ಟಿ. ಬಾಳೆ: ಮೂರು ಸಲ. ಕತೆ: ಎರಡು. ಕತ್ತೆ: ಮೂರು. ಕತ್ತೆಯಲ್ಲಿ ಆ ಎರಡನೇ ಕುಟ್ಟು ಬೀಳುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಸುಮ್ನೆ ಕಾಯಬೇಕು. 'ಒತ್ತಿ ಹೇಳಿ' ಅಂದರೆ ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಜೋರಾಗಿ ಕೂಗುತ್ತಿದ್ದರು. 'ಒಂದು ಕುಟ್ಟು ಕಾಯಿರಿ' ಅಂದರೆ ಆಗುತ್ತೆ. ಇದನ್ನು ಕಲಿಯುವ ಮೊದಲು ಸಿಲಿಗುರಿಯ ಹೆಂಡತಿ ನಮ್ಮ ಬ್ಲಾಕಿನ ಅಜ್ಜಿಗೆ "ನಿಮ್ಮ ಕತ್ತೆ ತುಂಬಾ ಚೆನ್ನಾಗಿದೆ" ಅಂದಿದ್ದರು. ಅಜ್ಜಿ ತಮ್ಮ ಯಜಮಾನರ ಕಡೆ ನೋಡಿದರಂತೆ.

ಇನ್ನು ಳ. ಕುಟ್ಟಿ ಪ್ರಯೋಜನವಿಲ್ಲ, ಯಾಕೆಂದರೆ 'ಹಲ್ಲಿ', 'ಹಳ್ಳಿ' ಎರಡಕ್ಕೂ ಮಾತ್ರೆ ಒಂದೇ. ಅದು ನಾಲಿಗೆಯ ಜಾಗದ ವಿಷಯ. ಅದಕ್ಕೆ ವರ್ಣಮಾಲೆ ನೋಡಿ. ನಾವು ಅದನ್ನು ಬಾಯಿಪಾಠದ ಪದ್ಯ ಅಂದುಕೊಂಡಿದ್ದೇವೆ. ನಿಜವಾಗಿ ಅದು ಬಾಯಿಯೊಳಗಿನ ನಕ್ಷೆ. ಕ ಸಾಲು ಗಂಟಲ ಹತ್ತಿರ, ಪ ಸಾಲು ತುಟಿಯಲ್ಲಿ, ನಡುವೆ ಒಂದೊಂದು ಸಾಲೂ ಒಂದೊಂದು ಹೆಜ್ಜೆ ಮುಂದೆ. ಟ ಸಾಲಿಗೆ ನಾಲಿಗೆ ತುದಿ ಮೇಲಕ್ಕೆ ಮಡಚುತ್ತೆ. ಹಿಂದಿಯವರಿಗೆ ಟ ಗೊತ್ತು. ಹಾಗಾಗಿ ಹೀಗೆ ಹೇಳಿ: "ಟ ಅನ್ನೋಕೆ ನಾಲಿಗೆ ಇಡಿ. ತೆಗೀಬೇಡಿ. ಅಲ್ಲೇ ಇಟ್ಟುಕೊಂಡು ಲ ಅನ್ನಿ." ಳ ಬರುತ್ತೆ. ಮೊದಲ ಸಲ ಸ್ವಲ್ಪ ಜೊಲ್ಲು ಸುರಿಸುವ ಹಾಗೆ ಕೇಳುತ್ತೆ, ಪರವಾಗಿಲ್ಲ. ಅದೇ ಜಾಗದಲ್ಲಿ ನ ಅಂದರೆ ಣ. ಮರಾಠಿ, ಒಡಿಯಾ ಮನೆಮಾತಿನವರಿಗೆ ಈ ಪಾಠ ಬೇಡ, ಅವರಿಗೆ ಳ ಬರುತ್ತೆ.

ಇಲ್ಲ, ಅಲ್ಲ

"ಅವನು ಡಾಕ್ಟರ್ ಇಲ್ಲ."

ಇದು ಹಿಂದಿಯವರ ತಪ್ಪು. ಅವರಿಗೆ ಎಲ್ಲದಕ್ಕೂ 'ನಹೀಂ'. ನಮ್ಮ ಕ್ಲಾಸಿನಲ್ಲಿ ಕೊಟ್ಟಾಯಂನ ನರ್ಸ್ ಒಬ್ಬರಿದ್ದಾರೆ. ಅವರಿಗೆ ಇದು ತಪ್ಪುವುದೇ ಇಲ್ಲ, ಮಲಯಾಳದಲ್ಲಿ ಇಲ್ಲ, ಅಲ್ಲ ಎರಡೂ ಹಾಗ್ಹಾಗೇ ಇವೆ. ತೆಲುಗಿನವರಿಗೆ ಲೇದು, ಕಾದು. ಬಂಗಾಳಿಯವರಿಗೂ ನೇಯ್, ನೊಯ್ ಅಂತ ಎರಡಿವೆ. ಅದನ್ನು ನೆನಪಿಸಿದರೆ ಸಾಕು. ಹಿಂದಿಯವರಿಗೆ ಮಾತ್ರ ಮೊದಲಿನಿಂದ ಕಟ್ಟಬೇಕು.

ನಾನು ಮೊಸರಿನ ಪ್ಯಾಕೆಟ್ ಬಳಸುತ್ತೇನೆ. ಮೇಜಿನ ಮೇಲೆ ಅದನ್ನು ಇಟ್ಟು "ಹಾಲಾ?" ಅಂತ ಕೇಳಿ. "ಅಲ್ಲ, ಮೊಸರು." ಅದನ್ನು ಚೀಲಕ್ಕೆ ಹಾಕಿ ಬರೀ ಮೇಜು ತೋರಿಸಿ "ಹಾಲಿದೆಯಾ?" ಅಂತ ಕೇಳಿ. "ಇಲ್ಲ." ಆಮೇಲೆ ಇದೇ ಎರಡು ಪ್ರಶ್ನೆ, ಬೇರೆ ಬೇರೆ ಸಾಮಾನು. ವಿವರಣೆ ಕೊಡಬೇಡಿ. ವಿವರಣೆ ಕೊಟ್ಟರೆ ತಲೆಯಾಡಿಸುತ್ತಾರೆ, ಬಾಯಲ್ಲಿ ಬರಲ್ಲ.

ಅಕ್ಕ ಬಂತು

ಗುಂಟೂರಿನವರು ಒಂದು ದಿನ ಹೇಳಿದರು, "ನಮ್ಮ ಅಕ್ಕ ಊರಿಂದ ಬಂತು." ಪಕ್ಕದಲ್ಲಿದ್ದ ಒಬ್ಬ ಕನ್ನಡದ ಹುಡುಗ ಕಿಸಕ್ಕನೆ ನಕ್ಕ. ಅವರು ಕುಗ್ಗಿಹೋದರು.

ನನಗೆ ನನ್ನ ಒಂದನೇ ಕ್ಲಾಸು ನೆನಪಾಯಿತು. ನಮ್ಮದು ಪುತ್ತೂರಿನ ಕಡೆ. ಮನೆಯಲ್ಲಿ ಹವ್ಯಕ ಭಾಷೆ, ಅಂಗಳ ದಾಟಿದರೆ ತುಳು, ಪುಸ್ತಕದಲ್ಲಿ ಕನ್ನಡ. ನಮ್ಮ ಹವ್ಯಕದಲ್ಲಿ ಹೆಂಗಸರಿಗೂ 'ಅದು' ಅಂತಲೇ. ಅಗೌರವ ಅಲ್ಲ, ಭಾಷೆಯೇ ಹಾಗೆ. ಶಾಲೆಯಲ್ಲಿ "ಅಕ್ಕ ಬಂತು" ಅಂದೆ. "ನಿನ್ನ ಅಕ್ಕ ದನವಾ?" ಅಂತ ಕೇಳಿ ಅಂಗೈ ಮೇಲೆ ಒಂದು ಬಿಟ್ಟರು. ಆಮೇಲೆ ಎರಡು ವರ್ಷ ನಾನು ಅಕ್ಕನ ಬಗ್ಗೆ ಕ್ಲಾಸಿನಲ್ಲಿ ಮಾತೇ ಆಡಲಿಲ್ಲ.

ತೆಲುಗಿನಲ್ಲೂ ಒಬ್ಬ ಹೆಂಗಸಿನ ಬಗ್ಗೆ ಹೇಳುವಾಗ ಕ್ರಿಯಾಪದ ವಸ್ತುವಿನದ್ದೇ. 'ಅಕ್ಕ ವಚ್ಚಿಂದಿ', 'ಬಸ್ಸು ವಚ್ಚಿಂದಿ', ಕೊನೆ ಒಂದೇ. ಗುಂಟೂರಿನವರು ತಪ್ಪು ಮಾಡಿರಲಿಲ್ಲ, ತಮ್ಮ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ನಮ್ಮ ಮನೆಯ ಮಾತನ್ನೂ ಪಕ್ಕದಲ್ಲಿ ಬರೆದೆ. ನಕ್ಕ ಹುಡುಗನಿಗೂ ಹೇಳಿದೆ, "ನೋಡಪ್ಪಾ, ಇದೂ ಕನ್ನಡವೇ." ಅವರಿಗೆ ಕೊಟ್ಟ ಪರಿಹಾರ ತೀರಾ ಸುಲಭದ್ದು: ದೊಡ್ಡವರಿಗೆಲ್ಲ 'ಬಂದ್ರು' ಅನ್ನಿ. ಅಕ್ಕ ಬಂದ್ರು, ಅತ್ತೆ ಬಂದ್ರು, ಮೇಷ್ಟ್ರು ಬಂದ್ರು. ಗಂಡು ಹೆಣ್ಣಿನ ತೊಂದರೆಯೂ ಇಲ್ಲ, ಮರ್ಯಾದೆಯೂ ಉಳಿಯಿತು. 'ಬಂದಳು' ಆಮೇಲೆ ಬರಲಿ.

ಅವರದೇ ಇನ್ನೊಂದು ಪ್ರಶ್ನೆ: "ನಾವು ಅಂದರೆ ಮನಮಾ, ಮೇಮಾ?" ಎದುರಿಗಿರುವವರೂ ಸೇರಿದ 'ನಾವು' ಒಂದು, ಅವರನ್ನು ಬಿಟ್ಟ 'ನಾವು' ಇನ್ನೊಂದು. ತುಳುವಿನಲ್ಲಿ ನಮ, ಎಂಕುಲು. ನಮ್ಮ ಹವ್ಯಕದಲ್ಲಿ ನಾವು, ಎಂಗೊ. ಪುಸ್ತಕದ ಕನ್ನಡದಲ್ಲಿ ಒಂದೇ. ಈ ವಿಷಯದಲ್ಲಿ ಕನ್ನಡ ಕಲಿಯುವವರು ಏನನ್ನೋ ಕಳೆದುಕೊಳ್ಳುತ್ತಾರೆ, ಕಲಿಯುವುದಲ್ಲ. ನನಗೂ ಹಾಗೇ ಅನಿಸಿತ್ತು.

ಗೊತ್ತಿದ್ದ ಪದವೇ ಕೈ ಕೊಟ್ಟಾಗ

ಕೊಟ್ಟಾಯಂನ ನರ್ಸಿಗೆ ವ್ಯಾಕರಣ ನೀರು ಕುಡಿದ ಹಾಗೆ. ಅವರ ತೊಂದರೆ ಪದಗಳದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ "ಸಿಸ್ಟರ್, ಪಟ್ಟಿ ಕಟ್ಟಿ" ಅಂದರಂತೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಅವರು ಬಾಗಿಲ ಕಡೆ ನೋಡಿದರು.

ಹೀಗಿರುವ ಪದಗಳನ್ನು ಬೇರೆ ಪುಟದಲ್ಲಿ ಬರೆಸಿ. ಹಿಂದಿಯ ಶಿಕ್ಷಾ ವಿದ್ಯಾಭ್ಯಾಸ, ನಮ್ಮ ಶಿಕ್ಷೆ ಏಟು. ಮರಾಠಿಯಲ್ಲೂ ಅದು ಏಟೇ, ಹಾಗಾಗಿ ಅವರು ಪಾರು. ಹಿಂದಿಯ ಉಪನ್ಯಾಸ ಕಾದಂಬರಿ, ನಮ್ಮದು ಭಾಷಣ. ಅವರ ಬಾಲ್ ತಲೆಯ ಮೇಲೆ, ನಮ್ಮ ಬಾಲ ಹಿಂದೆ. "ನನ್ನ ಬಾಲ ಉದುರ್ತಾ ಇದೆ" ಅಂತ ಕಾನ್ಪುರದ ಹುಡುಗ ಕ್ಷೌರದಂಗಡಿಯಲ್ಲಿ ಹೇಳಿದ ಮೇಲೆ ಈ ಪುಟ ತಾನಾಗೇ ತುಂಬುತ್ತಾ ಬಂತು. ಇಂಥವನ್ನು ಮೊದಲೇ ಪಟ್ಟಿ ಮಾಡಿ ಕೊಡಬೇಡಿ. ಒಂದು ಸಲ ನಗೆಪಾಟಲಾದ ಪದ ಮತ್ತೆ ಮರೆಯೋದಿಲ್ಲ.

ಕೆಲಸ ಕೊಡಿ, ವಾಕ್ಯ ತಾನೇ ಬರುತ್ತೆ

1979ರಿಂದ 1984ರವರೆಗೆ ಇದೇ ಬೆಂಗಳೂರಿನಲ್ಲಿ ಎನ್. ಎಸ್. ಪ್ರಭು ಒಂದು ಪ್ರಯೋಗ ನಡೆಸಿದರು. ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು, ಆದರೆ ವ್ಯಾಕರಣದ ಪಾಠ ಮಾಡಬಾರದು. ಬದಲಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಮುಂದಿಟ್ಟು ಲೆಕ್ಕ ಬಿಡಿಸಲು ಹೇಳುವುದು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಬಿಡಿಸುತ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಬಿಡಿಸಬೇಕು. ಭಾಷೆ ಕಲಿಸುವವರ ಲೋಕದಲ್ಲಿ ಇದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರಾಗಿದೆ. ನಮ್ಮೂರಲ್ಲೇ ಅದನ್ನು ಕೇಳಿದವರು ಕಡಿಮೆ, ಬಿಡಿ.

ನಾನು ಅದನ್ನು ಮೆಟ್ರೊಗೆ ಇಳಿಸಿದೆ. ನಮ್ಮ ಮೆಟ್ರೊದ ನಕ್ಷೆ ಮೇಜಿನ ಮೇಲೆ ಹರಡಿ ಮೊದಲು ನಾನೇ ಹೇಳುತ್ತೇನೆ: "ಬನಶಂಕರಿಯಿಂ‍ದ ಇಂದಿರಾನಗರಕ್ಕೆ ಹೇಗೆ ಹೋಗೋದು? ಬನಶಂಕರಿಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಲೈನ್ ಹಿಡಿದು, ಇಂದಿರಾನಗರದಲ್ಲಿ ಇಳೀಬೇಕು." ಆಮೇಲೆ ಅವರಿಗೆ ಜಯನಗರದಿಂದ ವೈಟ್‌ಫೀಲ್ಡ್. ಹತ್ತಿ, ಇಳಿದು, ಹಿಡಿದು ಎಲ್ಲ ಅದರೊಳಗೇ ಬರುತ್ತವೆ. ಹಿಂದಿಯ ಚಢ್‌ಕರ್, ಉತರ್‌ಕರ್ ಇದೇ ಅಚ್ಚು, ಎಡಗಡೆಯ ಪಟ್ಟಿಯದ್ದು. ಪುಸ್ತಕದಲ್ಲಿ ಇದಕ್ಕೆ ಭೂತ ನ್ಯೂನ ಅಂತ ಹೆಸರು. ಆ ಹೆಸರನ್ನು ನಾನು ಕ್ಲಾಸಿನಲ್ಲಿ ಒಂದು ದಿನವೂ ಹೇಳಿಲ್ಲ.

ಅಕ್ಷರಕ್ಕೆ ಅವಸರ ಬೇಡ. ಬಸ್ ಬೋರ್ಡು, ಅಂಗಡಿ ಬೋರ್ಡು ಸಾಕು. ಹಿಂದಿ, ಬಂಗಾಳಿ ಓದಲು ಬರುವವರಿಗೆ ಕ ಖ ಗ ಘ ಅದೇ ಸಾಲು, ರೂಪ ಮಾತ್ರ ಹೊಸದು. 'ಬರುತ್ತೇನೆ' ಕೂಡ ತಡವಾಗಿಯೇ ಬರಲಿ. ಮೊದಲು 'ಬರ್ತೀನಿ'. ಹೂವಿನಮ್ಮ ಏನಂತಾರೋ ಅದು.

ತಿದ್ದುವ ಮೊದಲು

ಪಿಟ್ ಕಾರ್ಡರ್ ಅನ್ನುವವರು 1967ರಲ್ಲಿ ಒಂದು ವ್ಯತ್ಯಾಸ ಮಾಡಿದರು. ಬಾಯಿ ತಪ್ಪಿದ್ದು ಬೇರೆ, ತಲೆಯೊಳಗೆ ನಿಯಮವೇ ಬೇರೆ ಇರುವುದು ಬೇರೆ. ಯಾವುದು ಯಾವುದು ಅಂತ ತಿಳಿಯೋಕೆ "ಏನಂದ್ರಿ?" ಅಂತ ಸುಮ್ನೆ ಕೇಳಿ. ಅವರೇ ಸರಿಮಾಡಿಕೊಂಡರೆ ಬಿಟ್ಟುಬಿಡಿ. ಅದೇ ಮತ್ತೆ ಬಂದರೆ ನೋಟ್‌ಬುಕ್ಕಿಗೆ ಹಾಕಿ, ಆದರೆ ಆಗಲೇ ತಿದ್ದಬೇಡಿ. ಸರಿಯಾದದ್ದನ್ನು ಮಾತಿನೊಳಗೇ ವಾಪಸ್ ಕೊಡಿ. "ನಾನು ಟೀ ಬೇಕು" ಅಂದರೆ, "ನಿಮಗೆ ಟೀ ಬೇಕಾ? ನನಗೂ ಬೇಕು, ಇರಿ." ಮುಂದಿನ ವಾರದ ಪಾಠ ಆ ನೋಟ್‌ಬುಕ್ಕಿನಿಂದ.

ಇಷ್ಟೆಲ್ಲ ಮಾಡಿದರೂ ಒಂದು ಅಡ್ಡಿ ಉಳಿಯುತ್ತೆ. ಅದು ನಾವೇ. ಹೊರಗಿನವರು ಎರಡು ಪದ ತಡವರಿಸಿದರೆ ಸಾಕು, ನಾವು ಹಿಂದಿಗೋ ಇಂಗ್ಲಿಷಿಗೋ ಜಿಗಿದುಬಿಡುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ. ಮೈಸೂರಿನಲ್ಲಿ ಓದುವಾಗ ಪಕ್ಕದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಬೇರೆ ರಾಜ್ಯದ ಮೇಷ್ಟ್ರುಗಳು ಹತ್ತು ತಿಂಗಳು ಕೂತು ಕನ್ನಡ ಕಲಿಯುವುದನ್ನು ನೋಡುತ್ತಿದ್ದೆ. ಅವರ ಕೋರ್ಸು ಎಷ್ಟು ಸಹಾಯ ಮಾಡಿತೋ, ತರಕಾರಿ ಮಾರುವ ಹೆಂಗಸರಿಗೆ ಬೇರೆ ಭಾಷೆ ಬಾರದಿದ್ದುದೂ ಅಷ್ಟೇ ಸಹಾಯ ಮಾಡಿತು. ಬೆಂಗಳೂರಿನಲ್ಲಿ ಆ ಭಾಗ್ಯ ಇಲ್ಲ. ನಮ್ಮ ಹೂವಿನಮ್ಮನಿಗೆ ಐದು ಭಾಷೆ ಬರುತ್ತೆ.

ಅದಕ್ಕೆ ಕ್ಲಾಸ್ ಶುರು ಮಾಡಿದ ವಾರವೇ ಒಂದು ಒಪ್ಪಂದ ಮಾಡಿಕೊಳ್ಳಿ. ಗೇಟಿನ ಸೆಕ್ಯೂರಿಟಿ, ಇಸ್ತ್ರಿಯವರು, ಹೂವಿನವರು, ಇವರಿಗೆಲ್ಲ ನಿಮ್ಮ ಶಿಷ್ಯರನ್ನು ತೋರಿಸಿ, "ಇವರ ಹತ್ರ ಕನ್ನಡದಲ್ಲೇ ಮಾತಾಡಿ, ಎಷ್ಟು ಹೊತ್ತಾದರೂ ಕಾಯಿರಿ" ಅಂತ ಹೇಳಿಬಿಡಿ. ನಾನು ಹೇಳಿದ್ದೆ. ಹೋದ ತಿಂಗಳು ಹೂವಿನಮ್ಮ ನನ್ನನ್ನು ನಿಲ್ಲಿಸಿದರು. ಮುಖ ಊದಿಕೊಂಡಿತ್ತು.

"ಏನ್ ಕಲಿಸಿದ್ದೀರಮ್ಮಾ ಆ ಗುಂಟೂರು ಅಕ್ಕಂಗೆ? ಮೊದಲೆಲ್ಲ ಹೇಳಿದಷ್ಟು ಕೊಟ್ಟು ಹೋಗೋರು. ನಿನ್ನೆ ಮೊಳಕ್ಕೆ ಐದು ರೂಪಾಯಿ ಕಮ್ಮಿ ಮಾಡ್ಕೊಂಡು ಹೋದ್ರು. 'ಇದು ನಿನ್ನೆ ಹೂವು, ಇವತ್ತಿನದ್ದು ಅಲ್ಲ' ಅಂತ ಬೇರೆ ಅಂದ್ರು."